1984ರ ಸಿಮೆಂಟ್ ಶೀಟಿನ ಮಾಡು: ತೆಗೆಸಬೇಕೆ, ಹಾಗೆಯೇ ಬಿಡಬೇಕೆ?

ಪ್ರಶ್ನೆ: ತೋಟದಮನೆ (ಸಾಗರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಮುಖ್ಯ ಭಾಗಕ್ಕೆ ಮಂಗಳೂರು ಹೆಂಚಿನ ಮಾಡು ಇದೆ. ಹಿಂದಿನ ಜಗಲಿ, ಬಚ್ಚಲುಮನೆ ಮತ್ತು ಕೊಟ್ಟಿಗೆಗೆ ಮಾತ್ರ 1984ರಲ್ಲಿ ಅಪ್ಪಯ್ಯ ಅಲೆಯಲೆಯಾಗಿರುವ ಬೂದುಬಣ್ಣದ ಸಿಮೆಂಟ್ ಶೀಟು ಹಾಕಿಸಿದ್ದರು. ಬಚ್ಚಲ ಒಲೆಯ ಹೊಗೆ ಹೋಗಲು ಅದೇ ಜಾತಿಯ ಕೊಳವೆಯೊಂದು ಮಾಡಿನಿಂದ ಮೇಲೆದ್ದು ನಿಂತಿದೆ. ಮಂಗಗಳು ಹಾರಿ, ತೆಂಗಿನ ಹೆಡೆ ಬಿದ್ದು ನಾಲ್ಕಾರು ಕಡೆ ಶೀಟು ಬಿರುಕು ಬಿಟ್ಟಿದ್ದು, ಅಲ್ಲೆಲ್ಲ ಡಾಂಬರು ಹಚ್ಚಿ ತೇಪೆ ಹಾಕಿದ್ದೇವೆ. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳ ಬಿಸಿಲಿನಲ್ಲಿ, ಒಣಗಿ ಕಪ್ಪಾದ ಪಾಚಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಕೆರೆದು ಗುಡಿಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ.

ಈಗ ಹಿಂಭಾಗವನ್ನು ಹೊಸದಾಗಿ ಕಟ್ಟಿಸಬೇಕೆಂದಿದ್ದೇವೆ. ಹಳೆಯ ಶೀಟುಗಳನ್ನು ಒಡೆದು ಅಂಗಳದ ತಗ್ಗಿಗೆ ತುಂಬಿ, ಮೇಲೆ ಇಂಟರ್‌ಲಾಕ್ ಕೂರಿಸಿದರೆ ಜಲ್ಲಿಯ ಖರ್ಚು ಉಳಿಯುತ್ತದೆಂದು ಗುತ್ತಿಗೆದಾರರು ಹೇಳುತ್ತಿದ್ದಾರೆ. ಬೆಂಗಳೂರಿನಲ್ಲಿರುವ ತಮ್ಮ ಇದನ್ನು ಕೇಳಿ ಗಾಬರಿಗೊಂಡು, ಅದು ಆಸ್ಬೆಸ್ಟಾಸ್ ಆಗಿರುತ್ತದೆ, ಕ್ಯಾನ್ಸರ್ ತರುತ್ತದೆ, ಮುಟ್ಟಲೇಬೇಡಿ ಎನ್ನುತ್ತಿದ್ದಾನೆ. ಇದು ನಿಜವಾಗಿ ಆಸ್ಬೆಸ್ಟಾಸ್ ಹೌದೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಇಷ್ಟು ವರ್ಷ ಅದರ ಕೆಳಗೆ ಬದುಕಿದವರಿಗೆ ಏನಾದರೂ ಆಗಿರಬಹುದೆ? ಅಪ್ಪಯ್ಯನಿಗೆ 74 ವರ್ಷ. ಹಿಂದೆ ಬೀಡಿ ಸೇದುತ್ತಿದ್ದರು, ಈಗ ಬಿಟ್ಟಿದ್ದಾರೆ, ಆದರೆ ಎರಡು ತಿಂಗಳಿಂದ ಕೆಮ್ಮು ಇದೆ. ಶೀಟು ಹಾಕುವಾಗ ತೂತು ಕೊರೆದವರೂ, ಪ್ರತಿ ವರ್ಷ ಪಾಚಿ ಕೆರೆದವರೂ ಬಹುಪಾಲು ಅವರೇ. ತಿಳಿದವರು ದಯವಿಟ್ಟು ವಿವರವಾಗಿ ಉತ್ತರಿಸಬೇಕೆಂದು ಕೋರುತ್ತೇನೆ.

ಉತ್ತರ: ನಿವೃತ್ತ ಎಂಜಿನಿಯರ್

ಮೊದಲಿಗೆ ಒಂದು ಮಾತು: ಗುತ್ತಿಗೆದಾರರಿಗೆ ಇವತ್ತೇ ಫೋನ್ ಮಾಡಿ, ಶೀಟು ಒಡೆಯುವ ಯೋಚನೆಯನ್ನು ಕೈಬಿಡಲು ಹೇಳಿ. ಉಳಿದದ್ದಕ್ಕೆ ಅವಸರವಿಲ್ಲ.

ನಿಮ್ಮ ವರ್ಣನೆಯ ಪ್ರಕಾರ ಅದು ಆಸ್ಬೆಸ್ಟಾಸ್ ಸಿಮೆಂಟ್ ಶೀಟು ಎಂದೇ ಭಾವಿಸಿ ನಡೆಯುವುದು ಸರಿ. ನಮ್ಮಲ್ಲಿ ಈ ಶೀಟುಗಳಿಗೆ ಭಾರತೀಯ ಮಾನಕ ಐ.ಎಸ್. 459 ಇದೆ, ಸುಮಾರು 6 ಮಿಲಿಮೀಟರ್ ದಪ್ಪ, 1.05 ಮೀಟರ್ ಅಗಲದ ಅಲೆಶೀಟು ಅದರಂತೆ ತಯಾರಾದದ್ದು. ಆಸ್ಬೆಸ್ಟಾಸ್ ಇಲ್ಲದೆ ಬೇರೆ ನಾರುಗಳನ್ನು ಬಳಸಿ ಮಾಡಿದ ಶೀಟುಗಳು ಇತ್ತೀಚಿನ ವರ್ಷಗಳಲ್ಲಿ ಬಂದಿವೆಯಾದರೂ, ನೋಡಲು ಎರಡೂ ಒಂದೇ ರೀತಿ ಇರುತ್ತವೆ. ಮುರಿದ ಅಂಚಿನಲ್ಲಿ ಬಿಳಿ ಎಳೆಗಳು ಕಂಡರೆ ಆಸ್ಬೆಸ್ಟಾಸ್ ಎಂದು ಕೆಲವರು ತೀರ್ಪು ಕೊಡುತ್ತಾರೆ. ಅದನ್ನು ನಂಬಬೇಡಿ, ಏಕೆಂದರೆ ಎಳೆ ಯಾವುದರದ್ದೆಂದು ಬರಿಗಣ್ಣಿಗೆ ತಿಳಿಯುವುದಿಲ್ಲ. ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಾತ್ರ ಖಚಿತವಾಗುತ್ತದೆ. ಎನ್.ಎ.ಬಿ.ಎಲ್. (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಪ್ರಯೋಗಾಲಯಗಳಲ್ಲಿ ಈ ಪರೀಕ್ಷೆ ಮಾಡುವವರನ್ನು ಹುಡುಕಬಹುದು. ಆದರೆ 1984ರ ಶೀಟಿಗೆ ನಾನಾದರೆ ಅಷ್ಟು ಖರ್ಚು ಮಾಡುವುದಿಲ್ಲ. ಆ ಹಣವನ್ನು ಸುರಕ್ಷಿತವಾಗಿ ಇಳಿಸುವ ಕೆಲಸಕ್ಕೆ ಇಟ್ಟುಕೊಳ್ಳುತ್ತೇನೆ.

ಶೀಟಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುವುದು ಸಾಮಾನ್ಯವಾಗಿ ನೂರಕ್ಕೆ ಹತ್ತರ ಆಸುಪಾಸು. ಉಳಿದದ್ದೆಲ್ಲ ಸಿಮೆಂಟು, ಹಾರುಬೂದಿ ಇತ್ಯಾದಿ. ಮಣ್ಣಿನ ಗೋಡೆಗೆ ಭತ್ತದ ಹುಲ್ಲು ಕಲಸುತ್ತಿದ್ದಂತೆ, ಬಿರುಕು ತಡೆಯಲೆಂದು ನಾರನ್ನು ಸಿಮೆಂಟಿನಲ್ಲಿ ಬೆರೆಸಿರುತ್ತಾರೆ. ಸಿಮೆಂಟು ಗಟ್ಟಿಯಾಗಿರುವಷ್ಟು ಕಾಲ ನಾರು ಅದರೊಳಗೆ ಸಿಕ್ಕಿಕೊಂಡಿರುತ್ತದೆ. ಆದರೆ ಮಲೆನಾಡಿನ ಮಳೆಗೆ ನಲವತ್ತು ವರ್ಷ ಒಡ್ಡಿಕೊಂಡ ಶೀಟಿನ ಮೇಲ್ಮೈ ಸವೆದು, ಪಾಚಿ ಮತ್ತು ಕಲ್ಲುಹೂವು ಸಿಮೆಂಟನ್ನು ಸಡಿಲಿಸಿ, ನಾರಿನ ತುದಿಗಳು ಹೊರಬಂದಿರುತ್ತವೆ. ಅಂಥ ಮೇಲ್ಮೈಯನ್ನು ಒಣಗಿದಾಗ ತಂತಿ ಬ್ರಷ್ಷಿನಿಂದ ಉಜ್ಜುವುದೆಂದರೆ ನಾರನ್ನು ಗಾಳಿಗೆ ತೂರಿದಂತೆಯೇ. ಆ ಪದ್ಧತಿಯನ್ನು ಈ ವರ್ಷದಿಂದಲೇ ನಿಲ್ಲಿಸಿ. ಸೂರಿನ ನೀರು ಬಿದ್ದು ಸಾಲಾಗಿ ಹಳ್ಳವಾದ ಜಾಗದ ಮಣ್ಣಿನಲ್ಲೂ, ಸೂರಿಗೆ ಕಟ್ಟಿದ ದೋಣಿಯ ತಳದ ಕೆಸರಿನಲ್ಲೂ ಈ ನಾರು ಸೇರಿಕೊಂಡಿರುತ್ತದೆ. ಅದನ್ನು ಒಣಗಿಸಿ ಗುಡಿಸಬಾರದು, ಮಕ್ಕಳು ಅಲ್ಲಿ ಆಡಬಾರದು.

ಹೊಗೆ ಕೊಳವೆಯನ್ನು ನೀವು ಹೆಸರಿಸಿದ್ದು ಒಳ್ಳೆಯದಾಯಿತು. ಮಾಡಿನ ಬಗ್ಗೆ ಕೇಳುವವರು ಕೊಳವೆಯನ್ನು ಮರೆಯುತ್ತಾರೆ. ಬಚ್ಚಲ ಒಲೆಗಳಿಗೂ, ಆ ಕಾಲದ ಸುಧಾರಿತ ಅಡುಗೆ ಒಲೆಗಳಿಗೂ ಆಸ್ಬೆಸ್ಟಾಸ್ ಸಿಮೆಂಟಿನ ಕೊಳವೆಯನ್ನು ಕೂರಿಸುವುದು ರೂಢಿಯಾಗಿತ್ತು. ಶಾಖಕ್ಕೆ ಅದು ಒಳಗಿನಿಂದ ಸಿಡಿದಿರುತ್ತದೆ. ಮಸಿ ಉದುರಿಸಲೆಂದು ಜನ ಅದಕ್ಕೆ ಕೋಲಿನಿಂದ ಬಡಿಯುತ್ತಾರೆ. ಮಾಡಿಗಿಂತ ಮೊದಲು ಬದಲಿಸಬೇಕಾದದ್ದು ಅದನ್ನೇ.

ಉತ್ತರ: ಎದೆರೋಗ ವೈದ್ಯ

ಎಂಜಿನಿಯರ್ ಸಾಹೇಬರು ಹೇಳಿದ್ದನ್ನು ಒಪ್ಪುತ್ತಾ, ಆರೋಗ್ಯದ ಭಾಗಕ್ಕೆ ನಾನು ಉತ್ತರಿಸುತ್ತೇನೆ.

ಕಲ್ನಾರಿನ ದೋಷವಿರುವುದು ಅದರ ಆಕಾರದಲ್ಲಿ ಮತ್ತು ಅದು ಕರಗದಿರುವುದರಲ್ಲಿ. ಒಡೆದಾಗ ಅದು ಅಡ್ಡಕ್ಕೆ ತುಂಡಾಗಿ ಪುಡಿಯಾಗುವುದಕ್ಕಿಂತ ಉದ್ದಕ್ಕೆ ಸೀಳಿಕೊಂಡು ಇನ್ನಷ್ಟು ತೆಳುವಾದ ಎಳೆಗಳಾಗುತ್ತದೆ. ಈ ಎಳೆಗಳು ಕಣ್ಣಿಗೆ ಕಾಣುವುದಿಲ್ಲ, ವಾಸನೆಯಿಲ್ಲ, ಗಂಟಲು ಕೆರೆಯುವುದಿಲ್ಲ, ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತವೆ. ಉಸಿರಿನೊಂದಿಗೆ ಶ್ವಾಸಕೋಶದ ಆಳಕ್ಕೆ ಹೋದಾಗ, ಹೊರಗಿನ ಕಣಗಳನ್ನು ನುಂಗಿ ತೆಗೆದುಹಾಕುವ ನಮ್ಮ ರಕ್ಷಕ ಜೀವಕೋಶಗಳಿಗೆ ತಮಗಿಂತ ಉದ್ದವಾದ ಎಳೆಯನ್ನು ನುಂಗಲಾಗುವುದಿಲ್ಲ. ಅರ್ಧಂಬರ್ಧ ನುಂಗಿ ಅವೇ ಸಾಯುತ್ತವೆ, ಅಲ್ಲಿ ಉರಿಯೂತ ಉಳಿಯುತ್ತದೆ, ವರ್ಷಗಳು ಕಳೆದಂತೆ ಗಾಯದ ಕಲೆ ಬೆಳೆಯುತ್ತದೆ.

ಇದರಿಂದ ಬರುವ ಕಾಯಿಲೆಗಳು ಒಂದೇ ಬಗೆಯವಲ್ಲ, ಅವುಗಳಿಗೆ ಬೇಕಾದ ಧೂಳಿನ ಪ್ರಮಾಣವೂ ಒಂದೇ ಅಲ್ಲ. ಶ್ವಾಸಕೋಶವೇ ಗಡುಸಾಗಿ ಏದುಸಿರು ಬರುವ ಆಸ್ಬೆಸ್ಟೋಸಿಸ್ ಸಾಮಾನ್ಯವಾಗಿ ಬಹುಕಾಲ ದಟ್ಟ ಧೂಳಿನಲ್ಲಿ ದುಡಿದವರ ಕಾಯಿಲೆ. ಗಣಿ, ಕಾರ್ಖಾನೆ, ಹಡಗು ಒಡೆಯುವ ಅಂಗಳದ ಕಾರ್ಮಿಕರಲ್ಲಿ ಕಾಣುವಂಥದ್ದು. ಕೇವಲ ಶೀಟಿನ ಕೆಳಗೆ ವಾಸವಿದ್ದವರಿಗೆ ಇದು ಬರುವುದನ್ನು ನಿರೀಕ್ಷಿಸಲಾಗುವುದಿಲ್ಲ. ಶ್ವಾಸಕೋಶದ ಕ್ಯಾನ್ಸರ್ ಎರಡನೆಯದು. ಮೂರನೆಯದು ಶ್ವಾಸಕೋಶ ಅಥವಾ ಹೊಟ್ಟೆಯ ಹೊರಪೊರೆಗೆ ಬರುವ ಮೆಸೊಥೆಲಿಯೋಮಾ ಎಂಬ ಕ್ಯಾನ್ಸರ್. ಇದು ಅಪರೂಪದ್ದಾದರೂ ಬಂದ ಮೇಲೆ ಗುಣಪಡಿಸುವುದು ಬಹಳ ಕಷ್ಟ, ಮತ್ತು ಕಡಿಮೆ ಪ್ರಮಾಣದ ಸಂಪರ್ಕದಿಂದಲೂ ಬಂದ ಉದಾಹರಣೆಗಳಿವೆ. 1960ರಲ್ಲಿ ದಕ್ಷಿಣ ಆಫ್ರಿಕಾದಿಂದ ವ್ಯಾಗ್ನರ್ ಮತ್ತು ಸಂಗಡಿಗರು 33 ರೋಗಿಗಳ ವರದಿ ಪ್ರಕಟಿಸಿದಾಗ ವೈದ್ಯಲೋಕ ಬೆಚ್ಚಿದ್ದಕ್ಕೆ ಒಂದು ಕಾರಣ, ಅವರಲ್ಲಿ ಹಲವರು ಗಣಿಯಲ್ಲಿ ದುಡಿದವರೇ ಆಗಿರಲಿಲ್ಲ, ನೀಲಿ ಕಲ್ನಾರಿನ ಗಣಿಗಳ ಸುತ್ತಮುತ್ತ ವಾಸವಿದ್ದವರಷ್ಟೇ ಆಗಿದ್ದರು. ಇವೆಲ್ಲವೂ ಸಂಪರ್ಕವಾದ 20ರಿಂದ 40 ವರ್ಷಗಳ ನಂತರ ತಲೆ ಎತ್ತುವ ಕಾಯಿಲೆಗಳು. ಅದರಿಂದಲೇ ನಮ್ಮಲ್ಲಿ ಲೆಕ್ಕಕ್ಕೆ ಸಿಗುವುದಿಲ್ಲ: ರೋಗಿ ಬರುವ ಹೊತ್ತಿಗೆ ಅವನಿಗೇ ಆ ಕೆಲಸ ಮರೆತಿರುತ್ತದೆ, ವೈದ್ಯರೂ ಕೇಳಿರುವುದಿಲ್ಲ.

ಬೀಡಿಯ ವಿಷಯ ಇಲ್ಲಿ ಮುಖ್ಯ. ಅಮೆರಿಕದಲ್ಲಿ ಶಾಖನಿರೋಧಕ ಹೊದಿಕೆ ಹಾಕುವ ಕಾರ್ಮಿಕರ ಬಗ್ಗೆ 1979ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಎರಡೂ ಇಲ್ಲದವರಿಗೆ ಹೋಲಿಸಿದರೆ ಶ್ವಾಸಕೋಶದ ಕ್ಯಾನ್ಸರಿನ ಸಾವು ಕಲ್ನಾರು ಮಾತ್ರ ಇದ್ದವರಲ್ಲಿ ಸುಮಾರು 5 ಪಟ್ಟು, ಧೂಮಪಾನ ಮಾತ್ರ ಇದ್ದವರಲ್ಲಿ ಸುಮಾರು 11 ಪಟ್ಟು, ಎರಡೂ ಇದ್ದವರಲ್ಲಿ 53 ಪಟ್ಟು ಇತ್ತು. ಅವರು ದಿನವಿಡೀ ಅದರಲ್ಲೇ ಮುಳುಗಿದ್ದ ಕಾರ್ಮಿಕರು. ಈ ಅಂಕಿಯನ್ನು ನಿಮ್ಮ ತಂದೆಯವರಿಗೆ ನೇರವಾಗಿ ಅನ್ವಯಿಸಬಾರದು. ಆದರೆ ಒಂದು ಇನ್ನೊಂದನ್ನು ಕೂಡುವುದಿಲ್ಲ, ಗುಣಿಸುತ್ತದೆ ಎಂಬ ತತ್ವ ಎಲ್ಲರಿಗೂ ಅನ್ವಯಿಸುತ್ತದೆ. ಅವರು ಬೀಡಿ ಬಿಟ್ಟಿರುವುದು ಬಹಳ ದೊಡ್ಡ ಉಪಕಾರ.

ಎರಡು ತಿಂಗಳ ಕೆಮ್ಮಿಗೆ ಕಲ್ನಾರಿನ ಮಾತು ಬಂದಿರಲಿ ಬಿಡಲಿ, ವೈದ್ಯರನ್ನು ಕಾಣಲೇಬೇಕು. 74 ವರ್ಷದ, ಬೀಡಿ ಸೇದಿದ್ದ, ಒಲೆಯ ಹೊಗೆಯಲ್ಲಿದ್ದ ವ್ಯಕ್ತಿಯಲ್ಲಿ ನಾನು ಮೊದಲು ಹುಡುಕುವುದು ಕ್ಷಯ ಮತ್ತು ಸಿ.ಒ.ಪಿ.ಡಿ. (ಹೊಗೆಯಿಂದ ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ); ಹಾಗಾಗಿ ಕಫ ಪರೀಕ್ಷೆ, ಎದೆಯ ಎಕ್ಸ್-ರೇ, ಊದಿಸಿ ನೋಡುವ ಸ್ಪೈರೋಮೆಟ್ರಿ ಇಷ್ಟು ಮೊದಲು ಆಗಲಿ. ಶೀಟು ಕೊರೆದ, ಪಾಚಿ ಕೆರೆದ ವಿಷಯವನ್ನು ನೀವಾಗಿಯೇ ವೈದ್ಯರಿಗೆ ಹೇಳಿ, ಚೀಟಿಯಲ್ಲಿ ಬರೆಸಿ. ಎಕ್ಸ್-ರೇಯಲ್ಲಿ ಸಂಶಯ ಬಂದರೆ ಅವರು ಸಿ.ಟಿ. ಮಾಡಿಸುತ್ತಾರೆ. ಮನೆಯ ಉಳಿದವರೆಲ್ಲ ಹೆದರಿ ಸಿ.ಟಿ. ಮಾಡಿಸಿಕೊಳ್ಳುವ ಅಗತ್ಯವಿಲ್ಲ, ಲಕ್ಷಣವಿಲ್ಲದವರಿಗೆ ಅದರಿಂದ ಲಾಭಕ್ಕಿಂತ ವಿಕಿರಣ ಮತ್ತು ಚಿಂತೆಯೇ ಹೆಚ್ಚು.

ಉತ್ತರ: ಬಯಲುಸೀಮೆ (ಚಳ್ಳಕೆರೆ)

ಡಾಕ್ಟರರ ಬಗ್ಗೆ ಗೌರವವಿಟ್ಟುಕೊಂಡೇ ಕೇಳುತ್ತಿದ್ದೇನೆ. ನಮ್ಮ ಕಡೆ ಅರ್ಧ ಊರು ಈ ಶೀಟಿನ ಕೆಳಗೇ ಇದೆ. ಅಂಗಡಿ, ಕೋಳಿ ಫಾರಂ, ಗೋದಾಮು, ಹಳೆಯ ಶಾಲೆಯ ಕೋಣೆ ಎಲ್ಲವೂ ಅದರವೇ. ತಗಡು ಹಾಕಿದರೆ ಏಪ್ರಿಲ್‌ನಲ್ಲಿ ಒಳಗೆ ಕೂರಲಾಗುವುದಿಲ್ಲ, ಮಳೆ ಬಂದರೆ ಮಾತು ಕೇಳಿಸುವುದಿಲ್ಲ, ಹತ್ತು ವರ್ಷಕ್ಕೆ ತುಕ್ಕು ಹಿಡಿಯುತ್ತದೆ. ಹೆಂಚು ಹಾಕಿಸಲು ಮರಮುಟ್ಟಿನ ಖರ್ಚೇ ಬಡವರಿಗೆ ನಿಲುಕುವುದಿಲ್ಲ. ಕಲ್ನಾರಿನಲ್ಲಿ ಅಪಾಯಕಾರಿಯಾದದ್ದು ನೀಲಿ ಬಗೆ, ಶೀಟಿಗೆ ಹಾಕುವುದು ಬಿಳಿ ಬಗೆ, ಅದೂ ಸಿಮೆಂಟಿನಲ್ಲಿ ಬಂಧಿತವಾಗಿರುತ್ತದೆ ಎಂದು ತಯಾರಕರು ಹೇಳುತ್ತಾರೆ. ಅಷ್ಟು ವಿಷವಾಗಿದ್ದರೆ ಸರ್ಕಾರ ಇವತ್ತಿಗೂ ಅಂಗಡಿಯಲ್ಲಿ ಮಾರಲು ಬಿಡುತ್ತಿತ್ತೆ? ನಗರದವರ ಭಯವನ್ನು ಹಳ್ಳಿಯವರ ಮೇಲೆ ಹೇರುತ್ತಿದ್ದೇವೇನೋ ಎಂಬ ಅನುಮಾನ ನನ್ನದು.

ಉತ್ತರ: ಎದೆರೋಗ ವೈದ್ಯ

ಖರ್ಚಿನ ಬಗ್ಗೆ ನೀವು ಹೇಳಿದ್ದಕ್ಕೆ ನನ್ನಲ್ಲಿ ಉತ್ತರವಿಲ್ಲ. ಬಡವರಿಗೆ ಈ ಶೀಟು ಸೂರು ಕೊಟ್ಟಿದೆ ಎಂಬುದು ನಿಜ, ಅದನ್ನು ತೆಗೆಯಿರಿ ಎನ್ನುವವರು ಬದಲಿಯನ್ನೂ ಕೊಡಬೇಕಾಗುತ್ತದೆ. ಆದರೆ ಬಿಳಿ ಬಗೆ ನಿರಪಾಯವೆಂಬ ಮಾತನ್ನು ಒಪ್ಪಲಾಗುವುದಿಲ್ಲ.

ನೀಲಿ ಮತ್ತು ಕಂದು ಬಗೆಗಳ ಎಳೆಗಳು ನೆಟ್ಟಗೆ, ಚೂಪಾಗಿ ಇದ್ದು ದೇಹದಲ್ಲಿ ದಶಕಗಟ್ಟಲೆ ಉಳಿಯುತ್ತವೆ. ಬಿಳಿಯ ಎಳೆ ಸುರುಳಿಯಂತಿದ್ದು ಅದಕ್ಕಿಂತ ಬೇಗ ಒಡೆದುಹೋಗುತ್ತದೆ. ಮೆಸೊಥೆಲಿಯೋಮಾದ ಮಟ್ಟಿಗೆ ನೀಲಿ ಹೆಚ್ಚು ಘೋರವೆಂಬುದು ಸರಿ. ಹೆಚ್ಚು ಘೋರವಾದದ್ದೊಂದು ಇದೆ ಎಂದ ಮಾತ್ರಕ್ಕೆ ಇನ್ನೊಂದು ನಿರಪಾಯವಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಬಿಳಿಯೂ ಸೇರಿದಂತೆ ಎಲ್ಲ ಬಗೆಯ ಆಸ್ಬೆಸ್ಟಾಸನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವಾದ ಮೊದಲ ವರ್ಗದಲ್ಲೇ ಇಟ್ಟಿದೆ. ಶ್ವಾಸಕೋಶವಲ್ಲದೆ ಧ್ವನಿಪೆಟ್ಟಿಗೆ ಮತ್ತು ಅಂಡಾಶಯದ ಕ್ಯಾನ್ಸರನ್ನೂ ಅದಕ್ಕೆ ಜೋಡಿಸಿದೆ. ಬ್ರಿಟನ್ 1985ರಲ್ಲಿ ನೀಲಿ ಮತ್ತು ಕಂದನ್ನು ನಿಷೇಧಿಸಿ, ಬಿಳಿಯನ್ನು ಬಳಸುತ್ತಾ ಹೋಗಿ, ಕೊನೆಗೆ 1999ರಲ್ಲಿ ಅದನ್ನೂ ನಿಷೇಧಿಸಿತು. ಐರೋಪ್ಯ ಒಕ್ಕೂಟ 2005ರಿಂದ, ದಶಕಗಳ ಕಾಲ ಜಗತ್ತಿಗೆಲ್ಲ ಬಿಳಿ ಕಲ್ನಾರು ಮಾರಿದ ಕೆನಡಾ 2018ರಲ್ಲಿ, ನಮ್ಮ ಪಕ್ಕದ ನೇಪಾಳ 2015ರಲ್ಲೇ ಅದನ್ನು ನಿಲ್ಲಿಸಿವೆ.

ಸರ್ಕಾರದ ವಿಷಯಕ್ಕೆ ಬಂದರೆ ನಮ್ಮ ನಿಲುವು ವಿಚಿತ್ರವಾಗಿದೆ. ಕಲ್ನಾರಿನ ಗಣಿಗಳಿಗೆ ಹೊಸ ಗುತ್ತಿಗೆ ಕೊಡುವುದನ್ನು 1986ರಲ್ಲಿ, ಹಳೆಯದನ್ನು ನವೀಕರಿಸುವುದನ್ನು 1993ರಲ್ಲಿ ಕೇಂದ್ರ ಸರ್ಕಾರವೇ ನಿಲ್ಲಿಸಿತು. ನಮ್ಮ ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತ ಕೂಡ ಹಿಂದೆ ಇದನ್ನು ಅಗೆಯುತ್ತಿದ್ದರು. ನೆಲದಿಂದ ತೆಗೆಯುವುದು ಬೇಡವೆಂದ ಮೇಲೂ ರಷ್ಯಾ, ಕಜಕಸ್ತಾನ, ಬ್ರೆಜಿಲ್‌ಗಳಿಂದ ತರಿಸಿ ಶೀಟು ಮಾಡುವುದು ಮುಂದುವರಿಯಿತು. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆಸ್ಬೆಸ್ಟಾಸ್ ಕಾರ್ಖಾನೆಗಳು ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಇವೆರಡರಲ್ಲಿ ಯಾವುದು ನಂತರವೋ ಅಲ್ಲಿಯವರೆಗೆ ಇಟ್ಟುಕೊಳ್ಳಬೇಕೆಂದು ಆದೇಶಿಸಿತು. ನಿರಪಾಯವಾದ ವಸ್ತುವಿಗೆ ಯಾವ ನ್ಯಾಯಾಲಯವೂ 40 ವರ್ಷದ ದಾಖಲೆ ಕೇಳುವುದಿಲ್ಲ. ಆ ಆದೇಶ ಕಾರ್ಖಾನೆಯ ಗೇಟಿನವರೆಗೆ ಮಾತ್ರ ತಲುಪುತ್ತದೆ. ಗ್ರೈಂಡರ್ ಹಿಡಿದು ಶೀಟು ಕತ್ತರಿಸುವ ನಿಮ್ಮೂರಿನ ಹುಡುಗನಿಗೆ ಯಾವ ದಾಖಲೆಯೂ ಇಲ್ಲ.

ಅಂಗಳಕ್ಕೆ ತುಂಬುವ ಯೋಚನೆಗೆ ಇಟಲಿಯ ಕಸಾಲೆ ಮೊನ್ಫೆರ್ರಾತೊ ಎಂಬ ಊರಿನ ಉದಾಹರಣೆ ಸಾಕು. ಅಲ್ಲಿ ಆಸ್ಬೆಸ್ಟಾಸ್ ಸಿಮೆಂಟಿನ ದೊಡ್ಡ ಕಾರ್ಖಾನೆ ಇತ್ತು, 1986ರಲ್ಲಿ ಮುಚ್ಚಿತು. ಅದರ ಚೂರು ಮತ್ತು ಪುಡಿಯನ್ನು ಊರಿನವರು ತಂದು ಅಂಗಳಕ್ಕೆ, ಓಣಿಗೆ ಹರಡಿದರು, ಅಟ್ಟಕ್ಕೆ ಶಾಖ ತಡೆಯಲು ಸುರಿದರು. ಕಾರ್ಖಾನೆಯ ಮೆಟ್ಟಿಲು ಹತ್ತದ ಗೃಹಿಣಿಯರು, ಅಂಗಡಿಯವರು, ಮಾಸ್ತರರು ಮೆಸೊಥೆಲಿಯೋಮಾದಿಂದ ಸತ್ತರು, ಕಾರ್ಖಾನೆ ಮುಚ್ಚಿದ ದಶಕಗಳ ನಂತರವೂ ಸಾಯುತ್ತಲೇ ಇದ್ದಾರೆ. ಅಲ್ಲಿಯ ಪ್ರಮಾಣ ನಿಮ್ಮ ಅಂಗಳಕ್ಕಿಂತ ಬಹಳ ದೊಡ್ಡದು, ನೀಲಿ ಬಗೆಯೂ ಅದರಲ್ಲಿತ್ತು. ಆದರೂ ಮಾಡಿನ ಮೇಲೆ ಬಂಧಿತವಾಗಿದ್ದದ್ದನ್ನು ಒಡೆದು ಕಾಲಡಿಗೆ ಹಾಕಿಕೊಳ್ಳಬಾರದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಉತ್ತರ: ಪರ್ತ್ ಕನ್ನಡಿಗ

ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಈ ವಸ್ತುವನ್ನು ಹೇಗೆ ನೋಡುತ್ತಾರೆಂದು ಹೇಳಿದರೆ ಉಪಯೋಗವಾಗಬಹುದು. ಇಲ್ಲಿನ ವಿಟ್ಟನೂಮ್‌ನಲ್ಲಿ 1966ರವರೆಗೆ ನೀಲಿ ಕಲ್ನಾರಿನ ಗಣಿ ನಡೆದು ಅಪಾರ ಸಾವುಗಳಾಗಿವೆ; ಆ ಊರನ್ನೇ ನಕಾಶೆಯಿಂದ ತೆಗೆದಿದ್ದಾರೆ. 2003ರ ಡಿಸೆಂಬರ್ 31ರಿಂದ ದೇಶದಲ್ಲಿ ಸಂಪೂರ್ಣ ನಿಷೇಧವಿದೆ. ಆದರೆ ಹಳೆಯ ಮನೆಗಳಲ್ಲಿ ಅದು ಇನ್ನೂ ತುಂಬಿಕೊಂಡಿದೆ: ಸೂರಿನ ತಳದ ಹಲಗೆ, ಬಚ್ಚಲ ಗೋಡೆ, ಪರ್ತ್‌ನಲ್ಲಂತೂ ಅಲೆಶೀಟಿನದೇ ಕಾಂಪೌಂಡು ಬೇಲಿ. ನಾವು ಕೊಂಡ ಮನೆಗೂ ಅಂಥದೇ ಬೇಲಿಯಿತ್ತು.

1990ಕ್ಕಿಂತ ಮೊದಲು ಕಟ್ಟಿದ ಮನೆಯಾದರೆ ಇದೆ ಎಂದೇ ತಿಳಿದು ನಡೆಯಿರಿ ಎಂಬುದು ಇಲ್ಲಿನ ಸಾಮಾನ್ಯ ಸಲಹೆ. ಸುಸ್ಥಿತಿಯಲ್ಲಿದ್ದರೆ ಬಣ್ಣ ಹೊಡೆದು ಬಿಟ್ಟುಬಿಡುತ್ತಾರೆ; ಕಾನೂನಿನಲ್ಲಿ ತೆಗೆಯಲೇಬೇಕೆಂಬ ಒತ್ತಾಯವಿಲ್ಲ. ತೆಗೆಯುವುದಾದರೆ 10 ಚದರ ಮೀಟರ್‌ಗಿಂತ ಹೆಚ್ಚಿದ್ದಲ್ಲಿ ಪರವಾನಗಿ ಪಡೆದವರಿಂದಲೇ ಮಾಡಿಸಬೇಕು. ನಮ್ಮ ಬೇಲಿ ತೆಗೆದವರು ಮಣ್ಣನ್ನೂ ಶೀಟನ್ನೂ ಸಣ್ಣಗೆ ನೀರು ಸಿಂಪಡಿಸಿ ಒದ್ದೆ ಮಾಡಿ, ಒಂದೊಂದೇ ಶೀಟನ್ನು ಇಡಿಯಾಗಿ ಎತ್ತಿ, ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಎರಡು ಸುತ್ತು ಸುತ್ತಿ, ಟೇಪು ಹಚ್ಚಿ, ಮೇಲೆ ಎಚ್ಚರಿಕೆಯ ಚೀಟಿ ಅಂಟಿಸಿ ಒಯ್ದರು. ಜೋರಾಗಿ ನೀರು ಚಿಮ್ಮಿಸುವ ಪ್ರೆಷರ್ ವಾಷರ್‌ನಿಂದ ಇಂಥ ಮಾಡನ್ನು ತೊಳೆಯುವುದು ಇಲ್ಲಿ ಅಪರಾಧ. ಊರಿಗೆ ಬಂದಾಗ ನಮ್ಮ ಮಾವನವರ ಮನೆಯಲ್ಲಿ ಕಾರು ತೊಳೆಯುವ ಅದೇ ಯಂತ್ರದಿಂದ ಶೀಟಿನ ಪಾಚಿ ಹಾರಿಸುತ್ತಿದ್ದುದನ್ನು ನೋಡಿದೆ. ನೀರು ಹಾಕುತ್ತಿದ್ದೇವಲ್ಲ, ಧೂಳೆಲ್ಲಿಂದ ಎಂದು ಅವರು ಕೇಳಿದರು. ಆದರೆ ಆ ರಭಸಕ್ಕೆ ಮೇಲ್ಮೈಯೇ ಕಿತ್ತು ಗೋಡೆ, ಕಿಟಕಿ, ಪಕ್ಕದ ಮನೆಯ ಬಟ್ಟೆ ಎಲ್ಲದರ ಮೇಲೂ ಸಿಡಿಯುತ್ತದೆ, ಒಣಗಿದ ಮೇಲೆ ಅದೇ ಧೂಳು.

ತೋಟದಮನೆ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಪ್ಪಯ್ಯನನ್ನು ಈ ವಾರವೇ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ಗುತ್ತಿಗೆದಾರರಿಗೂ ತಿಳಿಸಿದ್ದೇನೆ, ಒಡೆಯುವುದಿಲ್ಲವೆಂದು ಒಪ್ಪಿದ್ದಾರೆ, ಆದರೆ ಹಾಗಾದರೆ ಏನು ಮಾಡಬೇಕೆಂದು ಅವರಿಗೂ ಗೊತ್ತಿಲ್ಲ. ಜಗಲಿ ಮತ್ತು ಬಚ್ಚಲಿನ ಶೀಟು ತೆಗೆಸುವುದು ನಿಶ್ಚಯ. ಕೊಟ್ಟಿಗೆಯದ್ದು ಪರವಾಗಿಲ್ಲ, ಇನ್ನೂ ಗಟ್ಟಿಯಾಗಿದೆ. ನಮ್ಮಂಥ ಹಳ್ಳಿಯಲ್ಲಿ ಪರವಾನಗಿ ಪಡೆದವರು ಸಿಗುವುದಿಲ್ಲವಾದ್ದರಿಂದ ಇಳಿಸುವ ಕ್ರಮವನ್ನು ಎಂಜಿನಿಯರ್ ಸಾಹೇಬರು ತಿಳಿಸಬೇಕು. ಮತ್ತೊಂದು ಸಂದೇಹ: ಜಗಲಿಯ ಮಾಡಿನ ಮಳೆನೀರನ್ನು ತೊಟ್ಟಿಗೆ ಹಿಡಿದು ಬಳಸುತ್ತಿದ್ದೇವೆ, ಅದರಿಂದ ಅಪಾಯವುಂಟೆ?

ಉತ್ತರ: ನಿವೃತ್ತ ಎಂಜಿನಿಯರ್

ನೀರಿನ ವಿಷಯ ಮೊದಲು. ಕುಡಿಯುವ ನೀರಿನೊಂದಿಗೆ ಹೊಟ್ಟೆಗೆ ಹೋದ ಕಲ್ನಾರು ಹಾನಿ ಮಾಡುತ್ತದೆಂಬುದಕ್ಕೆ ಸ್ಥಿರವಾದ ಪುರಾವೆಯಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ; ಹಿಂದೆ ಎಷ್ಟೋ ಊರುಗಳಿಗೆ ನೀರು ಬಂದದ್ದೇ ಆಸ್ಬೆಸ್ಟಾಸ್ ಸಿಮೆಂಟಿನ ಪೈಪುಗಳಲ್ಲಿ. ಆದರೂ ಸವೆದ ಮಾಡಿನ ನೀರನ್ನು ನಾನು ಕುಡಿಯಲು ಹಿಡಿಯುವುದಿಲ್ಲ, ತೋಟಕ್ಕೆ ಬಿಡಿ. ತೊಟ್ಟಿಯ ತಳದ ರಾಡಿಯನ್ನು ಒದ್ದೆಯಿರುವಾಗಲೇ ತೆಗೆದು ಹೂಳಿ.

ಇಳಿಸುವ ಕೆಲಸದಲ್ಲಿ ಕಲ್ನಾರಿಗಿಂತ ಮೊದಲು ಜೀವ ತೆಗೆಯುವುದು ಬೀಳುವಿಕೆ. ಹಳೆಯ ಶೀಟಿನ ಮೇಲೆ ಕಾಲಿಟ್ಟರೆ ಅದು ಮುನ್ಸೂಚನೆಯಿಲ್ಲದೆ ಮುರಿಯುತ್ತದೆ. ನಡೆಯಲೇಬೇಕಾದರೆ ಎರಡು ಮೂರು ಅಡ್ಡಪಟ್ಟಿಗಳ ಮೇಲೆ ಕೂರುವಷ್ಟು ಉದ್ದದ ಹಲಗೆ ಹಾಸಿ ಅದರ ಮೇಲೆ ಮಾತ್ರ ನಡೆಯಬೇಕು. ನಿಮ್ಮ ಜಗಲಿಯಷ್ಟು ತಗ್ಗಿದ್ದರೆ ಕೆಳಗಿನಿಂದ ಏಣಿ ಹಾಕಿ ತೆಗೆಯುವುದೇ ಮೇಲು. ಮಳೆಗಾಲ ಮುಗಿದು ಪಾಚಿಯ ಜಾರಿಕೆ ಹೋದ ಮೇಲೆ, ಗಾಳಿಯಿಲ್ಲದ ಬೆಳಿಗ್ಗೆ ಆರಿಸಿಕೊಳ್ಳಿ. ಮಕ್ಕಳನ್ನು ಆ ದಿನ ಬೇರೆ ಮನೆಗೆ ಕಳಿಸಿ, ದನಗಳನ್ನು ದೂರ ಕಟ್ಟಿ, ಬಾವಿಗೆ ಮುಚ್ಚಳ ಹಾಕಿ, ಕಿಟಕಿಗಳನ್ನು ಮುಚ್ಚಿ.

ತೋಟಕ್ಕೆ ಔಷಧಿ ಹೊಡೆಯುವ ಬೆನ್ನಿನ ಪಂಪನ್ನು ಚೆನ್ನಾಗಿ ತೊಳೆದು, ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಸೋಪು ಬೆರೆಸಿ, ಮಂಜಿನಂತೆ ಸಿಂಪಡಿಸಿ ಶೀಟನ್ನು ಎರಡೂ ಬದಿ ನೆನೆಸಬೇಕು. ಸೋಪು ಹಾಕುವುದರಿಂದ ನೀರು ಹರಿದುಹೋಗದೆ ಹಿಡಿದುಕೊಳ್ಳುತ್ತದೆ. ಶೀಟನ್ನು ಅಡ್ಡಪಟ್ಟಿಗೆ ಬಿಗಿದಿರುವ ಜೆ ಹುಕ್ಕುಗಳು ತುಕ್ಕು ಹಿಡಿದಿದ್ದರೆ ತಿರುಗುವುದಿಲ್ಲ. ಆಗ ಶೀಟನ್ನು ಮೀಟಿ ಎಳೆಯದೆ ಹುಕ್ಕನ್ನೇ ಬೋಲ್ಟ್ ಕಟರಿನಿಂದ ತುಂಡರಿಸಿ. ಗ್ರೈಂಡರ್ ಮಷೀನನ್ನು ಆ ದಿನ ಮನೆಗೇ ತರಬಾರದು. ಶೀಟನ್ನು ಕೆಳಕ್ಕೆ ಎಸೆಯದೆ ಇಬ್ಬರು ಕೈಯಿಂದ ಕೈಗೆ ದಾಟಿಸಬೇಕು. ಹೊಗೆ ಕೊಳವೆಯನ್ನು ಒಳಗೂ ಹೊರಗೂ ನೆನೆಸಿ, ಬಾಯಿಗಳಿಗೆ ಪ್ಲಾಸ್ಟಿಕ್ ಕಟ್ಟಿ ಇಡಿಯಾಗಿ ಇಳಿಸಿ.

ಮೂಗಿಗೆ ಕಟ್ಟುವ ಟವೆಲ್ಲೂ, ಕೋವಿಡ್ ಕಾಲದ ಬಟ್ಟೆ ಮಾಸ್ಕೂ ಇದಕ್ಕೆ ಏನೂ ಅಲ್ಲ. ಎನ್-95 ಕೂಡ ಈ ಕೆಲಸಕ್ಕೆ ಸಾಲದೆಂದೇ ಪರಿಗಣಿತವಾಗಿದೆ, ಅತಿ ಸಣ್ಣ ಧೂಳನ್ನೂ ತಡೆಯುವ ಎಫ್.ಎಫ್.ಪಿ.-3 ಅಥವಾ ಪಿ-100 ದರ್ಜೆಯ ಫಿಲ್ಟರಿನ ಮುಖವಾಡ ಬೇಕು, ಗಡ್ಡವಿದ್ದರೆ ಅದು ಮುಖಕ್ಕೆ ಅಂಟದು. ಕೆಲಸ ಮಾಡಿದವರು ಅದೇ ಬಟ್ಟೆಯಲ್ಲಿ ಮನೆಗೆ ಹೋಗಬಾರದು. ಕಾರ್ಮಿಕರ ಬಟ್ಟೆ ಒಗೆದ ಹೆಂಡತಿಯರಿಗೆ ಈ ಕಾಯಿಲೆ ಬಂದದ್ದು ಹಲವು ದೇಶಗಳಲ್ಲಿ ದಾಖಲಾಗಿದೆ. ಹಾಗಾಗಿ ಹಳೆಯ ಬಟ್ಟೆ ಹಾಕಿಸಿ, ಅಲ್ಲೇ ಬಿಚ್ಚಿಸಿ, ಶೀಟಿನೊಂದಿಗೇ ಸುತ್ತಿಬಿಡಿ, ಸ್ನಾನಕ್ಕೆ ನೀರು ಕೊಡಿ.

ವಿಲೇವಾರಿಯೇ ನಮ್ಮಲ್ಲಿ ಕಗ್ಗಂಟು. ಅಪಾಯಕಾರಿ ತ್ಯಾಜ್ಯ ಹೂಳಲು ಬೆಂಗಳೂರಿನ ಹತ್ತಿರ ದಾಬಸ್‌ಪೇಟೆಯಲ್ಲಿ ವ್ಯವಸ್ಥೆಯಿದೆ, ಆದರೆ ಅದು ಕೈಗಾರಿಕೆಗಳಿಗಾಗಿ ಮಾಡಿದ್ದು. ಒಂದು ಮನೆಯ ಶೀಟನ್ನು ಅಲ್ಲಿಗೆ ಸಾಗಿಸುವ ದಾರಿ ಹಳ್ಳಿಯವರಿಗೆ ಸುಲಭವಲ್ಲ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಶಿವಮೊಗ್ಗ ಕಚೇರಿಗೆ ಲಿಖಿತವಾಗಿ ಕೇಳಿ. ಉತ್ತರ ಬರುವವರೆಗೆ ಶೀಟುಗಳನ್ನು ಎರಡು ಸುತ್ತು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದು, ದನ, ಮಂಗ, ಮಕ್ಕಳು ತಲುಪದ ಕಡೆ ಅಟ್ಟಿ ಹಾಕಿಡಿ. ಯಾರಾದರೂ ತಮ್ಮ ಕೊಟ್ಟಿಗೆಗೆ ಬೇಕೆಂದು ಕೇಳಿಯೇ ಕೇಳುತ್ತಾರೆ. ಕೊಡಬೇಡಿ, ಅವರು ಮತ್ತೆ ಅದಕ್ಕೆ ತೂತು ಕೊರೆಯುತ್ತಾರೆ. ಉಳಿಸಿಕೊಳ್ಳುವ ಕೊಟ್ಟಿಗೆಯ ಮಾಡಿನ ಪಾಚಿಯನ್ನು ಕೆರೆಯದೆ, ಪಾಚಿನಾಶಕ ಸಿಂಪಡಿಸಿ ಅದು ಸತ್ತು ತಾನಾಗಿ ಉದುರಲು ಬಿಟ್ಟು, ನಂತರ ಹೊರಮೈಗೆ ಬಳಸುವ ಅಕ್ರಿಲಿಕ್ ಬಣ್ಣವನ್ನು ಸ್ಪ್ರೇ ಮೂಲಕ ಎರಡು ಸಲ ಹೊಡೆಸಿ.

ಗುತ್ತಿಗೆದಾರರೊಂದಿಗೆ ಮಾತಾಡುವಾಗ ಇಳಿಸುವ ಕೂಲಿಯನ್ನು ಶೀಟಿನ ಲೆಕ್ಕದಲ್ಲಿ ಒಪ್ಪಿಕೊಳ್ಳಬೇಡಿ, ದಿನದ ಲೆಕ್ಕದಲ್ಲಿ ಕೊಡಿ. ಶೀಟಿಗಿಷ್ಟು ಎಂದಾಗ ಬೇಗ ಮುಗಿಸಲು ಮೇಲಿನಿಂದ ಬೀಳಿಸುತ್ತಾರೆ, ನೆನೆಸಲು ಕಾಯುವುದಿಲ್ಲ. ಮುಖವಾಡ, ಪ್ಲಾಸ್ಟಿಕ್, ಬೋಲ್ಟ್ ಕಟರು ಈ ಮೂರನ್ನು ನೀವೇ ಕೊಂಡು ಮುಂಚಿನ ದಿನವೇ ತಂದಿಟ್ಟುಕೊಳ್ಳಿ.